ತೆರೆದಿಟ್ಟ ಟ್ರಂಕು

ಮರಾಠಿ ಸೀಮೆಯ ನಿಗಡಿಯ ಆಚೆ ಏಳುತ್ತಿದ್ದ ಬಹುಮಹಡಿ ಕಟ್ಟಡಗಳ ಹಿಂದೆ, ಕೂಲಿಕಾರರಿಗೆಂದು ಹಾಕಿಕೊಟ್ಟಿದ್ದ ತಗಡಿನ ಶೆಡ್ಡುಗಳ ಸಾಲಿನಲ್ಲಿ, ಆ ಮಧ್ಯಾಹ್ನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮುಚ್ಚಳ ತೆರೆದಿಟ್ಟ ಒಂದು ಟ್ರಂಕು. ಅದರೊಳಗಿನ ಬಟ್ಟೆಗಳು ಹೊರಸಿನ ಮೇಲೆ ಗುಡ್ಡೆಯಾಗಿದ್ದವು. ಬಟ್ಟೆ ಒಣಹಾಕುವ ಹಗ್ಗವನ್ನು ಗೂಟದಿಂದ ಬಿಚ್ಚಿ ನೆಲಕ್ಕೆ ಬಿಟ್ಟಿದ್ದರು. ಹಿಟ್ಟಿನ ಚೀಲದ ಬಾಯಿ ಕೂಡ ಬಿಚ್ಚಿತ್ತು. ಮನೆ ಬದಲಾಯಿಸುವವರ ಮನೆ ಹೇಗಿರುತ್ತದೋ ಹಾಗೆ ಇತ್ತು ಆ ಶೆಡ್ಡು. ನನ್ನ ಅನುಮಾನಕ್ಕೆ ಅಷ್ಟು ಸಾಕಾಯಿತು.

ಆ ಮನೆಯ ಸೊಸೆ ತುಂಬು ಗರ್ಭಿಣಿ. ಇಪ್ಪತ್ತು ದಾಟಿದ, ಚೊಚ್ಚಲ ಬಸುರಿನ ಹುಡುಗಿ. ಯಾದಗಿರಿಯ ಕಡೆಯಿಂದ ಬಂದ ಕುಟುಂಬ; ಗಂಡ ಸೆಂಟ್ರಿಂಗ್ ಕೆಲಸದವನು, ಅತ್ತೆ ಜಲ್ಲಿ ಹೊರುವವಳು. ಕಟ್ಟಡ ಕೂಲಿಯ ಹೆಣ್ಣುಮಕ್ಕಳ ಆರೋಗ್ಯಕ್ಕಾಗಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನಿದ್ದೆ. ಈ ಹುಡುಗಿಯ ತಪಾಸಣೆಗಳನ್ನೆಲ್ಲ ಮಾಡಿಸಿ, ಹೆರಿಗೆ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೆ. ಇದಕ್ಕೂ ಮೊದಲು, ದಿನ ತುಂಬಿದ್ದ ಇನ್ನೊಬ್ಬಳನ್ನು, ಕೂಲಿಯಾಳುಗಳನ್ನು ಒದಗಿಸುವ ಮುಕಾದಮನು ಯಾರಿಗೂ ಹೇಳದೆ ಲೋಣಾವಳಾದ ಯಾವುದೋ ಹೋಟೆಲು ಕಟ್ಟುವ ಕೆಲಸಕ್ಕೆ ಸಾಗಿಸಿದ್ದ. ಅವಳ ಹೆರಿಗೆ ಎಲ್ಲಾಯಿತು, ಹೇಗಾಯಿತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. ಯಾವತ್ತೂ ಚಹಾ ಕುಡಿಸದೆ ಬಿಡದ ಹೆಂಗಸು ಅಂದು ಒಳಗೆ ಬಾ ಎಂದೂ ಅನ್ನಲಿಲ್ಲ.

"ಎಲ್ಲಿಗೆ ಹೊಂಟೀರಿ?" ಎಂದು ಕೇಳಿದೆ.

"ಎಲ್ಲಿಗೂ ಇಲ್ರಿ ಅಕ್ಕೋರ."

"ಮತ್ತ ಟ್ರಂಕ್ ಯಾಕ ತೆರದೀರಿ?"

"ಟ್ರಂಕಿಗೂ ಗಾಳಿ ಬೇಕಲ್ರಿ. ಮುಗ್ಗಲು ವಾಸನಿ ಹೊಡಿಲಾಕತ್ತಿತ್ತು."

"ಹಗ್ಗ ಯಾಕ ಬಿಚ್ಚೀರಿ?"

"ಹಳೇದಾಗ್ಯಾದ್ರಿ. ನೀವೇನ್ ಪೊಲೀಸ್ರೇನ್ರಿ ಅಕ್ಕೋರ, ಹಗ್ಗದ ತಪಾಸ ಮಾಡ್ಲಾಕ?"

ಅವಳ ಹೆಗಲ ಮೇಲಿಂದ ಒಳಗೆ ನೋಡಿದೆ. ಹುಡುಗಿ ಶೆಡ್ಡಿನ ನಡುಗಂಬವನ್ನು ಎರಡೂ ಕೈಯಿಂದ ಹಿಡಿದು, ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಳು. ಕೂದಲು ಬಿಚ್ಚಿ ಬೆನ್ನ ತುಂಬ ಹರಡಿತ್ತು. "ತಲಿ ಎರಕೊಂಡಾಳ್ರಿ, ಆರಸ್ಲಾಕತ್ತಾಳ" ಎಂದಳು ಅತ್ತೆ, ನಾನು ಕೇಳುವ ಮೊದಲೇ. ಕೂದಲಿನಲ್ಲಿ ತೇವವಿರಲಿಲ್ಲ. ಅದನ್ನು ನಾನು ಗಮನಿಸಿದೆ. ಗಮನಿಸಿ, ಅದನ್ನೂ ನನ್ನ ವಾದಕ್ಕೇ ಸೇರಿಸಿಕೊಂಡೆ. ಇವರು ಸುಳ್ಳು ಹೇಳುತ್ತಿದ್ದಾರೆ. ಸುಳ್ಳು ಹೇಳುವುದು ಊರು ಬಿಡುವುದನ್ನು ಮುಚ್ಚಿಡಲಿಕ್ಕೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದು ಇದನ್ನೇ: ಎದುರಾಳಿಯ ಪ್ರತಿ ಮಾತೂ ನಿನ್ನ ಪ್ರತಿಪಾದನೆಗೆ ಸಾಕ್ಷಿಯಾಗುವಂತೆ ತಿರುಗಿಸಿಕೋ. ಹುಡುಗಿ ಒಮ್ಮೆ ಹೊರಳಿ ನೋಡಿದಳು; ಏನೋ ಹೇಳಲು ಬಾಯಿ ತೆರೆದಂತಿತ್ತು. ಅಷ್ಟರಲ್ಲಿ ನಾನು ಅತ್ತೆಯೊಂದಿಗೆ ಮತ್ತೆ ಟ್ರಂಕಿನ ವಿಚಾರಕ್ಕೇ ಇಳಿದಿದ್ದೆ.

ಅಲ್ಲಿಂದ ನೇರವಾಗಿ ಸೈಟಿನ ಗೇಟಿಗೆ ಹೋಗಿ ಮುಕಾದಮನನ್ನು ಹಿಡಿದೆ. ಅವನೂ ಯಾದಗಿರಿಯ ಕಡೆಯವನೇ, ಇಲ್ಲಿಗೆ ಬಂದು ಮರಾಠಿ ಕಲಿತು ದೊಡ್ಡವನಾದವನು. ಆ ಕುಟುಂಬವನ್ನು ಲೋಣಾವಳಾಕ್ಕೆ ಕಳಿಸುವ ಯೋಚನೆಯಿದ್ದರೆ ಕಾರ್ಮಿಕ ಕಚೇರಿಯವರೆಗೂ ಹೋಗುತ್ತೇನೆಂದು ಹೇಳಿದೆ.

"ಮೇಡಂ, ನೀವು ನನ್ನ ಮ್ಯಾಲ ಮಾಡೋ ಅಷ್ಟು ಸಂಶೇ ನನ್ನ ಹೆಂಡ್ತಿನೂ ಮಾಡಂಗಿಲ್ಲ" ಎಂದು ಅವನು ನಕ್ಕ. ಆ ನಗು ಕೂಡ ನನಗೆ ಸಾಕ್ಷಿಯಾಗಿಯೇ ಕಂಡಿತು.

ಮರುದಿನ ಬೆಳಿಗ್ಗೆ ಹುಡುಗಿಯ ಗಂಡನ ಫೋನು ಬಂತು. "ಮೇಡಂ, ಆಟೋದಾಗ ಹೊಂಟೇವ್ರಿ ದವಾಖಾನಿಗಿ. ಲಗೂನ ಬರ್ರಿ."

ನಾವು ಸೇರಿದ್ದು ನಗರಪಾಲಿಕೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಅದರ ಹೆಸರು ಇಲ್ಲಿ ಬೇಡ. ಆ ಆಸ್ಪತ್ರೆಯ ಮೇಲೆ ನನಗಿದ್ದ ಅಪನಂಬಿಕೆ ಒಂದು ದಿನದ್ದಲ್ಲ. ಅಲ್ಲಿ ಹೆತ್ತ ಹೆಂಗಸರು ಹೇಳಿದ ಮಾತುಗಳನ್ನು ನಾನು ಕೇಳುತ್ತಲೇ ಬಂದಿದ್ದೆ: ನೋವಿನಲ್ಲಿ ಕೂಗಿದರೆ ಬೈಗುಳ, ಕೂಸು ಬೇಗ ಬರಲೆಂದು ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತುವುದು, ಸ್ವಲ್ಪ ತೊಡಕಾದರೂ ದೊಡ್ಡಾಸ್ಪತ್ರೆಗೆ ಸಾಗಹಾಕಿ ಕೈ ತೊಳೆದುಕೊಳ್ಳುವುದು, ಯಾವಾಗ ಯಾಕೆ ಕೊಯ್ದರೆಂದು ಹೇಳದಿರುವುದು. ಇದೆಲ್ಲಕ್ಕೂ ಒಂದು ಮದ್ದೆಂದರೆ ಹೆರಿಗೆ ಕೋಣೆಯಲ್ಲಿ ಹೆರುವವಳ ಜೊತೆ ಅವಳ ಕಡೆಯ ಒಬ್ಬ ಹೆಂಗಸು ಇರಬೇಕು ಎಂಬುದು ನಮ್ಮ ಬೇಡಿಕೆಯಾಗಿತ್ತು. ಬಹಳ ಓಡಾಟದ ನಂತರ, ಪ್ರಯೋಗವಾಗಿ ಎಂದು ಅನುಮತಿ ದೊರೆತಿತ್ತು. ಭಾಷೆ ಬಾರದವರಿಗೆ ಅನುವಾದಕಿಯಾಗಿ ನಾನು ಪರದೆಯ ಹತ್ತಿರ ನಿಲ್ಲಬಹುದಿತ್ತು. ಹೆರಿಗೆ ಕೋಣೆಯ ಹಿರಿಯ ಸಿಸ್ಟರಿಗೆ ಈ ಏರ್ಪಾಡು ಸ್ವಲ್ಪವೂ ಹಿಡಿಸಿರಲಿಲ್ಲ. ನನ್ನನ್ನು ಕಂಡಾಗಲೆಲ್ಲ ಆಕೆ, "ಬಂದರು ಇನ್‌ಸ್ಪೆಕ್ಟರು" ಎಂದು ಮರಾಠಿಯಲ್ಲಿ, ನನಗೆ ಕೇಳುವಷ್ಟೇ ಗಟ್ಟಿಯಾಗಿ ಅನ್ನುತ್ತಿದ್ದರು.

ಪಾಳಿಯಲ್ಲಿದ್ದ ಡಾಕ್ಟರು ಎಳೆಯ ವಯಸ್ಸಿನ ಮರಾಠಿ ಹೆಣ್ಣುಮಗಳು. ಮೊದಲ ಪ್ರಶ್ನೆ ಕೇಳಿದರು: ನೋವು ಯಾವಾಗ ಶುರುವಾಯಿತು?

"ಇವತ್ತ ಮುಂಜಾನಿ ಚಾ ಕುಡಿಯೂ ಮುಂದ ಸುರು ಆಗ್ಯಾದ್ರಿ" ಎಂದಳು ಅತ್ತೆ.

ನಾನು ಅದನ್ನೇ ಮರಾಠಿಗೆ ತಿರುಗಿಸಿದೆ. ಡಾಕ್ಟರು ಬರೆದುಕೊಂಡು, ಪರದೆಯೆಳೆದು ಪರೀಕ್ಷೆ ಮಾಡಿ ಹೊರಬಂದರು. ಕೈಗವಸು ಕಳಚುತ್ತ ನನ್ನನ್ನು ದಿಟ್ಟಿಸಿದರು.

"ಇದು ಇವತ್ತು ಬೆಳಿಗ್ಗೆ ಶುರುವಾದ ಹೆರಿಗೆಯಂತೆ ಕಾಣುತ್ತಿಲ್ಲ, ಮ್ಯಾಡಮ್. ನಾಲಿಗೆ ಒಣಗಿದೆ, ನಾಡಿ ಜೋರಾಗಿದೆ, ಮೂತ್ರದ ಬಣ್ಣ ಸರಿಯಿಲ್ಲ. ಕೂಸಿನ ನೆತ್ತಿಯ ಮೇಲೆ ಬಾವು ಬಂದಿದೆ. ಸರಿಯಾಗಿ ಕೇಳಿ ಹೇಳಿ."

ನಾನು ಇದಕ್ಕಾಗಿಯೇ ಕಾಯುತ್ತಿದ್ದವಳಂತೆ ಉತ್ತರಿಸಿದೆ. ಬಡವರು ತಡವಾಗಿ ಬಂದರು, ಬಡವರು ಸುಳ್ಳು ಹೇಳಿದರು ಎಂದು ಮೊದಲೇ ದಾಖಲಿಸಿಟ್ಟರೆ ಮುಂದೆ ಏನೇ ಆದರೂ ಆಸ್ಪತ್ರೆ ಪಾರಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಬಿರುಬಿಸಿಲಿನ ದಿನಗಳು, ತಗಡಿನ ಶೆಡ್ಡು. ನಾಲಿಗೆ ಒಣಗಿರುವುದರಲ್ಲಿ ಆಶ್ಚರ್ಯವೇನು? ನೀರು ಕುಡಿಯದಿದ್ದರೆ ಮೂತ್ರದ ಬಣ್ಣ ಬದಲಾಗುವುದಿಲ್ಲವೆ? ಮನೆಯವರ ಮಾತನ್ನು ತಳ್ಳಿಹಾಕಲು ನಿಮ್ಮಲ್ಲಿರುವ ಸಾಕ್ಷಿ ಯಾವುದು?

"ಸಾಕ್ಷಿ ನನ್ನ ಬೆರಳ ತುದಿಯಲ್ಲಿದೆ" ಎಂದರು ಡಾಕ್ಟರು. ಆದರೆ ಅವರ ದನಿಯಲ್ಲಿ ಅರೆಕ್ಷಣದ ಹಿಂಜರಿಕೆಯಿತ್ತು. ಆ ಹಿಂಜರಿಕೆಯನ್ನು ನಾನು ಗೆಲುವೆಂದು ಎಣಿಸಿದೆ.

ಅವರು ಕೋಪವನ್ನು ಅದುಮಿಕೊಂಡು ವಿವರಿಸಿದರು. ನೋವು ಇವತ್ತೇ ಶುರುವಾಗಿದ್ದರೆ, ಗರ್ಭಕೋಶದ ಬಾಯಿ ಇಷ್ಟು ತೆರೆದಿರುವುದು ಒಳ್ಳೆಯ ಪ್ರಗತಿ. ಈಗ ನೋವು ಸೋತಂತಿದೆ. ಸಲೈನಿನಲ್ಲಿ ಔಷಧಿ ಕೊಟ್ಟು ನೋವನ್ನು ಬಲಪಡಿಸಿ, ಕೆಲವು ಗಂಟೆ ಕಾದು, ಮತ್ತೆ ಪರೀಕ್ಷಿಸಿ ನೋಡಬಹುದು. ನಿನ್ನೆಯಿಂದಲೇ ನಡೆದಿದ್ದರೆ ಮಾತು ಬೇರೆ. ಆಗ ಕೂಸು ಸಿಕ್ಕಿಕೊಂಡಿದೆ ಎಂದರ್ಥ; ಸಿಕ್ಕಿಕೊಂಡ ಕೂಸನ್ನು ಔಷಧಿ ಹಾಕಿ ನೂಕಿದರೆ ತಾಯಿಗೂ ಅಪಾಯ, ಕೂಸಿಗೂ ಅಪಾಯ. "ನನಗೆ ವೇಳೆ ಬೇಕು, ಮ್ಯಾಡಮ್. ನಿಮ್ಮ ಭಾಷಣ ಬೇಡ."

ಚೊಚ್ಚಲ ಹೆರಿಗೆ ನಿಧಾನವಾಗಿಯೇ ಸಾಗುತ್ತದೆ. ಮೊದಲ ಸಲ ತೆರೆಯುವ ದಾರಿಗೆ ಅದರದೇ ಹೊತ್ತು ಹಿಡಿಯುತ್ತದೆ. ಆದರೆ ನಿಧಾನವೇ ಬೇರೆ, ನಿಂತುಹೋಗುವುದೇ ಬೇರೆ. ನಿಂತ ಹೆರಿಗೆಯಲ್ಲಿ ಗರ್ಭಕೋಶ ದಣಿಯುತ್ತದೆ. ದಣಿದದ್ದು ಹೆರಿಗೆಯ ನಂತರ ಸರಿಯಾಗಿ ಮುದುಡದೆ ರಕ್ತ ಹರಿಯತೊಡಗುತ್ತದೆ. ನೀರಿನ ಚೀಲ ಒಡೆದು ಹೊತ್ತಾದರೆ ನಂಜೇರುತ್ತದೆ. ಕೂಸಿಗೆ ಉಸಿರು ಕಡಿಮೆಯಾಗುತ್ತದೆ. ಇನ್ನೊಂದು ಪರಿಣಾಮವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೂಸಿನ ತಲೆಗೂ ತಾಯಿಯ ಎಲುಬಿಗೂ ನಡುವೆ ಸಿಕ್ಕ ಮೂತ್ರಕೋಶಕ್ಕೆ ರಕ್ತ ಹರಿಯದೆ ಅದರ ಗೋಡೆ ಸತ್ತು ತೂತಾಗುತ್ತದೆ. ಆಮೇಲೆ ಮೂತ್ರ ನಿಲ್ಲುವುದೇ ಇಲ್ಲ. ಅಂಥ ಒಬ್ಬಳನ್ನು ಇನ್ನೊಂದು ಸೈಟಿನಲ್ಲಿ ನಾನು ಕಂಡಿದ್ದೆ. ಅವಳು ಎಲ್ಲರಿಂದ ದೂರ, ಮರಳಿನ ರಾಶಿಯ ಮೇಲೆ ಕೂರುತ್ತಿದ್ದಳು; ಮರಳು ಒದ್ದೆಯನ್ನು ಹೀರಿಕೊಳ್ಳುತ್ತದೆ ಎಂಬುದಕ್ಕಾಗಿ. ಇದನ್ನೆಲ್ಲ ಬಲ್ಲವಳಾಗಿಯೂ ನಾನು ಡಾಕ್ಟರ ಮಾತನ್ನು ನಂಬಲಿಲ್ಲ.

ಅತ್ತೆಯನ್ನು ಮತ್ತೆ ಕೇಳಿದೆ. "ಖರೇ ಹೇಳ್ರಿ, ಇವತ್ತ ಏನು?"

"ನಮ್ಮವ್ವನಾಣಿ, ಇವತ್ತಾ ರೀ."

ಡಾಕ್ಟರು ಕ್ಷಣಕಾಲ ನಿಂತು, ಸಲೈನ್ ಸಿದ್ಧಪಡಿಸುವಂತೆ ಸಿಸ್ಟರಿಗೆ ಹೇಳಿದರು. ಅತ್ತೆಯನ್ನು ಒಳಗೆ ಬಿಟ್ಟರು. ನಾನು ಪರದೆಯ ಈಚೆ ನಿಂತೆ.

ಆಗ ಶುರುವಾಯಿತು ಅತ್ತೆಯ ಕೆಲಸ. ಮೊದಲು ಹುಡುಗಿಯ ಆಸ್ಪತ್ರೆ ಗೌನಿನ ಲಾಡಿಗಳನ್ನೆಲ್ಲ ಬಿಚ್ಚಿದಳು. ಆಮೇಲೆ ಪರದೆಯನ್ನು ಕಂಬಿಗೆ ಕಟ್ಟಿದ್ದ ದಾರ ಬಿಚ್ಚಿದಳು. ಪರದೆ ಅರ್ಧ ಜೋತುಬಿತ್ತು. ತನ್ನ ಸೀರೆಯ ಸೆರಗಿನ ತುದಿಯ ಎಲೆಅಡಿಕೆಯ ಗಂಟು ಬಿಚ್ಚಿ ಎಲ್ಲವನ್ನೂ ಕಿಟಕಿಯಲ್ಲಿಟ್ಟಳು. ನಂತರ ಔಷಧಿಯ ಕಪಾಟಿಗೆ ಕೈ ಹಾಕಿ ಬಾಗಿಲು ಎಳೆಯತೊಡಗಿದಳು.

"ಏ ಆಜೀ! ಕಪಾಟಾಲಾ ಹಾತ್ ಲಾವೂ ನಕಾ!" ಕಪಾಟು ಮುಟ್ಟಬೇಡ ಅಜ್ಜಿ ಎಂದು ಸಿಸ್ಟರು ಕಿರುಚಿ, ಅವಳ ಕೈಯನ್ನು ಕಪಾಟಿನಿಂದ ಬಿಡಿಸಿದರು. ನನ್ನತ್ತ ತಿರುಗಿ, "ನೋಡಿದಿರಾ, ಇದಕ್ಕೇ ನಾನು ಒಳಗೆ ಯಾರನ್ನೂ ಬಿಡಬೇಡಿ ಅಂದಿದ್ದು. ಕಳ್ಳತನ!" ಎಂದರು.

ಅತ್ತೆಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಅವಳು ಜೋತುಬಿದ್ದ ಪರದೆಯಾಚೆ ನಿಂತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಕ್ಕೋರ, ನಿಮ್ಮ ಜಡಿ ಬಿಚ್ಚರಿ."

"ಯಾಕ?"

"ಬಿಚ್ಚರಿ ಅಂದ್ರ ಬಿಚ್ಚರಿ. ಆಕಿ ಕಪಾಟ ತೆರಿಲಾಕ ಬಿಡವಲ್ಲಳು, ನಿಮ್ಮ ಜಡಿಯರ ಬಿಚ್ಚರಿ. ಗಂಟಿದ್ದಲ್ಲಿ ಕೂಸು ಸಿಕ್ಕೊಂತದ."

ನಾನು ಯಾಂತ್ರಿಕವಾಗಿ ಜಡೆಯ ತುದಿಗೆ ಕೈ ಹಾಕಿದೆ. ರಬ್ಬರ್ ಬ್ಯಾಂಡು ಎಳೆದು ಮೊದಲ ಎಳೆ ಬಿಡಿಸುವಷ್ಟರಲ್ಲಿ ನನ್ನ ಬೆರಳುಗಳು ನಿಂತುಹೋದವು. ನೆಲಕ್ಕೆ ಬಿಟ್ಟ ಹಗ್ಗ. ಬಾಯಿ ಬಿಚ್ಚಿದ ಹಿಟ್ಟಿನ ಚೀಲ. ತೇವವಿಲ್ಲದ, ಬೆನ್ನ ತುಂಬ ಹರಡಿದ ಕೂದಲು. ತೆರೆದಿಟ್ಟ ಟ್ರಂಕು.

ಅವರು ಎಲ್ಲಿಗೂ ಹೊರಟಿರಲಿಲ್ಲ. ನಿನ್ನೆ ಮಧ್ಯಾಹ್ನ ನಾನು ಬಾಗಿಲಲ್ಲಿ ನಿಂತು ವಾದ ಮಾಡುತ್ತಿದ್ದಾಗಲೇ ಆ ಹುಡುಗಿ ನೋವಿನಲ್ಲಿದ್ದಳು.

ಅತ್ತೆಯ ತೋಳು ಹಿಡಿದು ಹೊರಗಿನ ಪಡಸಾಲೆಗೆ ಕರೆತಂದೆ. "ನಿನ್ನಿನಿಂದ ಬ್ಯಾನಿ ಅದಾವಲ್ಲ?" ಎಂದೆ.

ಅವಳು ಸುತ್ತ ನೋಡಿದಳು. "ಸಾವಕಾಶ ಮಾತಾಡ್ರಿ. ಬ್ಯಾನಿ ಸುದ್ದಿ ಹೊರಗ ಹೋದ್ರ ಬ್ಯಾನಿ ಉದ್ದ ಆಗ್ತಾವ."

"ಆಗಲೇ ಉದ್ದ ಆಗ್ಯಾವ! ಯಾಕ ಹೇಳಲಿಲ್ಲ?"

"ಚೊಚ್ಚಲ ಅಂದ್ರ ತವರಿನವರದು ರೀ. ಆಕಿ ಅವ್ವ ಕರಕೊಂಡು ಹೋಗ್ಲಾಕ ಬರಬೇಕಿತ್ತು, ತಡಾ ಆತು. ಈಗ ಬಸ್ಸಿನ್ಯಾಗ ಅದಾಳ, ಸ್ವಾರಗೇಟಿಗಿ ಬರ್ಲಾಕತ್ತಾಳ. ಆಕಿ ಬರೂತನಾ ತಡೀ ಅಂದೆ ಹುಡುಗಿಗಿ. ನಾಳಿ ಏನರ ಆದ್ರ ಬೀಗತಿಗಿ ನಾ ಏನ್ ಮಾರಿ ತೋರ್ಸಲಿ?"

"ಡಾಕ್ಟರ್ ಕೇಳಿದಾಗ ಯಾಕ ಸುಳ್ಳು ಹೇಳಿದ್ರಿ?"

ಅವಳು ಈಗ ನೆಟ್ಟಗೆ ನನ್ನ ಮುಖ ನೋಡಿದಳು. "ನಿನ್ನಿ ಅಂದ್ರ ಕೊಯ್ತಾರ. ನೀವಾ ಹೇಳಿದ್ರಲ್ಲ ಮೀಟಿಂಗಿನ್ಯಾಗ, ದವಾಖಾನಿಯವರು ಸುಮ್ಮಸುಮ್ಮನ ಕೊಯ್ತಾರ, ಕೇಳ್ರಿ ಅಂತ? ನಾ ಕೇಳ್ಲಾಕ ಬರ್ದಾಕಿ. ಅದಕ್ಕಾ ಹೇಳಲಿಲ್ಲ. ಕೊಯ್ದ ಹೊಟ್ಟಿ ಬುಟ್ಟಿ ಹೊರ್ತದೇನ್ರಿ?"

ನಾನು ಸಭೆಯಲ್ಲಿ ಹೇಳಿದ್ದು, ಶಸ್ತ್ರಕ್ರಿಯೆಗೆ ಕಾರಣ ಕೇಳುವುದು ನಿಮ್ಮ ಹಕ್ಕು ಎಂದು. ಅದು ಶೆಡ್ಡಿನವರೆಗೆ ತಲುಪುವಷ್ಟರಲ್ಲಿ, ಕೊಯ್ಯದಂತೆ ಮಾಡಲು ವೇಳೆ ಮುಚ್ಚಿಡಬೇಕು ಎಂದಾಗಿತ್ತು. ಅವಳ ತರ್ಕದಲ್ಲಿ ನನಗೆ ದೋಷ ಕಾಣಲಿಲ್ಲ. ನನ್ನ ಅನುಮಾನವನ್ನೇ ಅವಳು ನನಗಿಂತ ಪ್ರಾಮಾಣಿಕವಾಗಿ ಆಚರಣೆಗೆ ತಂದಿದ್ದಳು.

"ನಾನು ಡಾಕ್ಟರಿಗೆ ಹೇಳ್ತೇನಿ" ಎಂದೆ.

"ಹೇಳ್ರಿ. ಹೇಳಿದ ಮ್ಯಾಲ ನಮ್ಮ ಶೆಡ್ಡಿನ ಕಡಿ ಮಾರಿ ಹಾಕಬ್ಯಾಡ್ರಿ. ಈ ದವಾಖಾನಿಯವರು ನಿಮಗೇನ್ ಕಮಿಶನ್ ಕೊಡ್ತಾರೇನ್ರಿ?"

ಆ ಮಾತು ನಾಟಿತು. ಆದರೂ ನನ್ನನ್ನು ತಡೆದದ್ದು ಅದಲ್ಲ. ಬಾಗಿಲ ಬಳಿ ನಿಂತು ನಾನು ಯೋಚಿಸಿದ್ದು ಇಷ್ಟು: ನಾನು ಹೇಳಿದ ಮರುಕ್ಷಣ ಅದು ಕಾಗದದ ಮೇಲೇರುತ್ತದೆ. ಹುಡುಗಿಗಾಗಲಿ ಕೂಸಿಗಾಗಲಿ ಏನಾದರೂ ಆದರೆ, ಮನೆಯವರೇ ತಡ ಮಾಡಿದರು, ಅವರ ಕಾರ್ಯಕರ್ತೆಯೇ ಒಪ್ಪಿಕೊಂಡಳು ಎಂದಾಗುತ್ತದೆ. ಜೊತೆಗಾತಿಯ ಅನುಮತಿ ಅಂದೇ ರದ್ದಾಗುತ್ತದೆ. ಇಲ್ಲಿಯವರೆಗೆ ಕಟ್ಟಿದ್ದೆಲ್ಲವನ್ನೂ ಎದುರುಪಕ್ಷದ ಕೈಗೆ ನಾನೇ ಇಟ್ಟಂತೆ. ಹೇಳದೆ ಉಳಿದರೆ? ಡಾಕ್ಟರು ಹೇಗೂ ಮತ್ತೆ ಪರೀಕ್ಷಿಸುತ್ತಾರಲ್ಲ, ಅವರಾಗಿಯೇ ಕಂಡುಕೊಳ್ಳುತ್ತಾರಲ್ಲ. ಈ ಕೊನೆಯ ವಾದ ಬಹಳ ನಯವಾಗಿತ್ತು. ಅಷ್ಟು ನಯವಾಗಿದ್ದುದರಿಂದಲೇ ನನಗೆ ನನ್ನ ಮೇಲೇ ಸಂಶಯ ಬಂತು.

ಒಳಗೆ ಹೋದೆ. ಸಿಸ್ಟರು ಸಲೈನ್ ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕುತ್ತಿದ್ದರು.

"ಅದನ್ನು ಹಚ್ಚಬೇಡಿ" ಎಂದೆ. "ನೋವು ನಿನ್ನೆಯದು. ನಿನ್ನೆ ಮಧ್ಯಾಹ್ನಕ್ಕೂ ಮೊದಲಿನದು. ನಾನೇ ನೋಡಿದ್ದೇನೆ."

"ನೋಡಿದ್ದೀರಾ?" ಡಾಕ್ಟರು ತಲೆಯೆತ್ತಿದರು. "ನೋಡಿ, ಈವರೆಗೆ ಸುಮ್ಮನಿದ್ದಿರಾ?"

"ನೋಡಿದ್ದು ಟ್ರಂಕು. ಅದರ ಅರ್ಥ ಈಗ ತಿಳಿಯಿತು."

"ಆತಾ ಖರಂ ಬಾಹೇರ್ ಆಲಂ" ಎಂದರು ಸಿಸ್ಟರು. ಈಗ ನಿಜ ಹೊರಬಿತ್ತು ಎಂದು. ಆದರೆ ಬಾಟಲಿಯನ್ನು ಸ್ಟ್ಯಾಂಡಿನಿಂದ ಇಳಿಸಿದ್ದೂ ಅವರೇ.

ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿದರು. ಕೂಸಿನ ಎದೆಬಡಿತವನ್ನು ಬಹಳ ಹೊತ್ತು ಆಲಿಸಿದರು. ನೋವು ಬಂದಾಗ ಬಡಿತ ಇಳಿಯುತ್ತಿದೆ, ಏರಲು ತಡಮಾಡುತ್ತಿದೆ ಎಂದರು. ತಲೆ ಕೆಳಗಿಳಿಯದೆ ಮೇಲೆಯೇ ನಿಂತಿದೆ, ನೆತ್ತಿಯ ಎಲುಬುಗಳು ಒಂದರ ಮೇಲೊಂದು ಏರಿವೆ. ಮೂತ್ರನಳಿಕೆ ಹಾಕಿದಾಗ ಬಂದ ಮೂತ್ರದಲ್ಲಿ ರಕ್ತದ ಛಾಯೆಯಿತ್ತು. ಅರಿವಳಿಕೆಯ ವೈದ್ಯರಿಗೆ ಫೋನು ಹೋಯಿತು.

"ದೊಡ್ಡಾಸ್ಪತ್ರೆಗೆ ಕಳಿಸುತ್ತೀರಾ?" ನನ್ನ ಪ್ರಶ್ನೆಯಲ್ಲಿ ಆರೋಪವೇ ಇತ್ತು.

"ಕಳಿಸಿದರೆ ಇರುವ ಹೊತ್ತು ರಸ್ತೆಯಲ್ಲಿ ಹೋಗುತ್ತದೆ. ಇಲ್ಲೇ ಮಾಡುತ್ತೇನೆ."

ಇಷ್ಟು ಸಲೀಸಾಗಿ ಒಪ್ಪಿದ್ದೇಕೆ ಎಂದು ನನ್ನ ಮನಸ್ಸು ಅಲ್ಲಿಯೂ ಒಂದು ಕೊಕ್ಕೆ ಹುಡುಕಿತು. ಸಿಗಲಿಲ್ಲ.

ಇನ್ನು ಒಪ್ಪಿಗೆಯ ಸಹಿ. ಸಿಸ್ಟರು ಕಾಗದ ಹಿಡಿದು ಹೊರಗೆ ಗಂಡನ ಬಳಿ ಹೋದರು. ಅವನು ಕೈ ಹಿಂದೆ ಕಟ್ಟಿಕೊಂಡ.

"ಅವರವ್ವ ಬರ್ಲಿ ಮೇಡಂ. ಹಡಪಸರದಾಗ ಗಾಡಿ ಸಿಕ್ಕೊಂಡಾವಂತ, ಬಸ್ಸು ಮುಂದಕ್ಕ ಹೋಗವಲ್ದಂತ. ಬಂದ ಕೂಡ್ಲೇ ಆಕಿನಾ ಸೈ ಮಾಡ್ತಾಳ."

"ಅಲ್ಲೀತನ ಕೂಸು ತಡೀತದೇನಪ್ಪಾ?" ಎಂದೆ.

"ನಾ ಸೈ ಮಾಡಿ, ನಾಳಿ ಏನರ ಆದ್ರ? ನಮ್ಮವ್ವಗೂ ಬೈತಾರ, ನನಗೂ ಬೈತಾರ." ಅವನು ತಾಯಿಯನ್ನು ನೋಡಿದ. ತಾಯಿ ಗೋಡೆಯನ್ನು ನೋಡಿದಳು.

ಆಗ ನನಗೆ ಹೊಳೆದದ್ದು ಬಹಳ ಸಾಮಾನ್ಯವಾದ ಸಂಗತಿ. ಬೆಳಗಿನಿಂದ ನಾವೆಲ್ಲ ಒಬ್ಬರನ್ನೊಬ್ಬರು ಕೇಳಿದ್ದೆವು, ಒಬ್ಬರ ಪರವಾಗಿ ಒಬ್ಬರು ಉತ್ತರಿಸಿದ್ದೆವು. ಹುಡುಗಿಯನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ವಯಸ್ಸಿಗೆ ಬಂದವಳು. ಅವಳ ದೇಹಕ್ಕೆ ಅವಳ ಸಹಿಯೇ ಸಾಕು. ಇದನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದವಳು ನಾನು. ಸಿಸ್ಟರ ಕೈಯಿಂದ ಕಾಗದ ತೆಗೆದುಕೊಂಡು ಒಳಗೆ ಹೋದೆ.

ಅವಳು ಕಣ್ಣು ಮುಚ್ಚಿ ಮಲಗಿದ್ದಳು. ತುಟಿ ಬಿರಿದಿತ್ತು. ಬಗ್ಗಿ, ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ: ಕೂಸು ಸಿಕ್ಕಿಕೊಂಡಿದೆ ಎಂದು, ಕಾದರೆ ಏನಾಗಬಹುದು, ಕೊಯ್ದರೆ ಏನಾಗಬಹುದು ಎಂದು. ಮೂತ್ರಕೋಶದ ಮಾತನ್ನೂ ಬಿಡಲಿಲ್ಲ. "ನಿನಗ ಏನ್ ಅನಸ್ತದ, ಹೇಳವಾ."

ಅವಳು ಕಣ್ಣು ತೆರೆದಳು. "ನಿನ್ನಿ ನೀವು ಬಂದಾಗನಾ ಹೇಳ್ಬೇಕಂದಿದ್ದೆ ಅಕ್ಕೋರ. ನೀವು ಟ್ರಂಕಿನ ಮಾತಾ ಆಡ್ಲಾಕತ್ತಿದ್ರಿ."



"ಕೊಯ್ಲಿ" ಎಂದಳು. "ಪೆನ್ನ ಕೊಡ್ರಿ. ಹೆಬ್ಬಟ್ಟ ಅಲ್ಲ, ನನಗ ಬರೀಲಾಕ ಬರ್ತದ."

ನೋವು ಒಂದು ಬಂದು ಹೋಗುವವರೆಗೆ ಕಾದು, ಅವಳು ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬರೆದಳು. ಡಾಕ್ಟರು ಗಡಿಯಾರ ನೋಡಲಿಲ್ಲ, ಅವಸರಿಸಲಿಲ್ಲ. ಕಾಗದವನ್ನು ಅಲುಗದಂತೆ ಹಿಡಿದಿದ್ದರು.

ಶಸ್ತ್ರಕ್ರಿಯೆಯ ಕೋಣೆಯ ಹೊರಗೆ ನಾವು ಮೂವರೂ ಒಂದೇ ಬೆಂಚಿನ ಮೇಲೆ, ನಡುವೆ ಅಂತರ ಬಿಟ್ಟು ಕೂತೆವು. ನನ್ನ ಜಡೆ ಅರ್ಧ ಬಿಚ್ಚಿಯೇ ಇತ್ತು. ಅದನ್ನು ಕಟ್ಟಿಕೊಳ್ಳಲು ಕೈ ಎತ್ತಿದೆ, ಅತ್ತೆ ನೋಡಿದಳು, ಕೈ ಇಳಿಸಿದೆ. ನಂಬಿಕೆಯಿಂದಲ್ಲ. ಆಗ ಅವಳೊಂದಿಗೆ ಇನ್ನೊಂದು ವಾದ ನನಗೆ ಬೇಕಿರಲಿಲ್ಲ.

ಬಾಗಿಲಿನ ಆಚೆ ಓಡಾಟದ ಸದ್ದು ಹೆಚ್ಚಾಯಿತು, ಆಮೇಲೆ ನಿಂತಿತು. ಅಳು ಕೇಳಲಿಲ್ಲ. "ಅಳವಲ್ದು" ಎಂದ ಗಂಡ. "ಸುಮ್ಕಿರು" ಎಂದಳು ತಾಯಿ. ಒಳಗೆ ಕೂಸಿನ ಮೂಗುಬಾಯಿಗೆ ಮುಖವಾಡ ಹಿಡಿದು, ರಬ್ಬರಿನ ಚೀಲ ಒತ್ತಿ ಒತ್ತಿ ಉಸಿರು ತುಂಬುತ್ತಿದ್ದರೆಂಬುದು ಆಮೇಲೆ ತಿಳಿಯಿತು. ಹಾಗೆ ಒತ್ತಿದವರು ಆ ಸಿಸ್ಟರೇ. ಕೊನೆಗೆ ಕೇಳಿಸಿದ್ದು ಅಳುವಲ್ಲ, ಸೀನಿನಂಥ ಒಂದು ಸಣ್ಣ ಸದ್ದು. ಅದರ ಹಿಂದೆ ಅಳು. ಹೆಣ್ಣುಮಗು. ಉಸಿರು ನೋಡಿಕೊಳ್ಳಲು ಬಿಸಿಪೆಟ್ಟಿಗೆಯಲ್ಲಿಟ್ಟರು.

ಡಾಕ್ಟರು ಹೊರಬಂದು ನನಗೆ ಹೇಳಿದರು: ರಕ್ತ ಹೆಚ್ಚು ಹೋಗಿದೆ, ಹತೋಟಿಗೆ ಬಂದಿದೆ. ಮೂತ್ರಕೋಶ ಜಜ್ಜಿಹೋಗಿದೆ. ನಳಿಕೆಯನ್ನು ಹಲವು ದಿನ ತೆಗೆಯುವಂತಿಲ್ಲ. ಅದಕ್ಕೆ ವಿಶ್ರಾಂತಿ ಸಿಕ್ಕರೆ ಉಳಿಯಬಹುದು. "ತೆಗೆದ ದಿನ ಗೊತ್ತಾಗುತ್ತದೆ. ಅದಕ್ಕೂ ಮೊದಲು ನಾನು ಏನೂ ಹೇಳಲಾರೆ. ಇದನ್ನು ಅವರಿಗೆ ಸರಿಯಾಗಿ ಹೇಳಿ. ಸರಿಯಾಗಿ."

ಹುಡುಗಿಯ ತಾಯಿ ಸ್ವಾರಗೇಟಿನಿಂದ ಬಂದು ತಲುಪಿದಾಗ ಎಲ್ಲ ಮುಗಿದಿತ್ತು. ತಲೆಯ ಮೇಲಿನ ಗಂಟನ್ನು ಇಳಿಸದೆಯೇ ಕೇಳಿದಳು: "ಬೀಗತಿ, ಯಾರ್ನ ಕೇಳಿ ನನ್ನ ಮಗಳ ಹೊಟ್ಟಿ ಕೊಯ್ಸಿದ್ರಿ?"

ಅತ್ತೆ ನನ್ನತ್ತ ಬೆರಳು ತೋರಿಸುತ್ತಾಳೆಂದು ನಾನು ಸಿದ್ಧಳಾಗಿದ್ದೆ. ಅವಳು ಎದ್ದು ಬೀಗತಿಯ ಗಂಟನ್ನು ಇಳಿಸಿಕೊಂಡಳು. "ನಿನ್ನ ಮಗಳ್ನಾ ಕೇಳವಾ. ಸೈ ಆಕೀದಾ. ನಮ್ಮನ್ನ ಯಾರು ಕೇಳ್ತಾರ?"

ಆ ದಿನಗಳಲ್ಲಿ ಇಬ್ಬರು ತಾಯಂದಿರೂ ಸರದಿಯ ಮೇಲೆ ಮಂಚದ ಬಳಿ ಕೂತರು. ನಳಿಕೆಯ ಚೀಲದಲ್ಲಿನ ಬಣ್ಣ ಕೆಂಪಿನಿಂದ ಹಳದಿಗೆ ತಿಳಿಯಾಗುವುದನ್ನು ನೋಡಿದರು. ನಾನು ಹೋದರೆ ಮಾತು ನಿಲ್ಲುತ್ತಿತ್ತು. ತವರಿನವಳು ನನ್ನನ್ನು ಆಸ್ಪತ್ರೆಯವಳೆಂದೇ ಬಗೆದಿದ್ದಳು. ಆಸ್ಪತ್ರೆಯವರು ನನ್ನನ್ನು ಇನ್ನೂ ಕೂಲಿಯವರ ಕಡೆಯವಳೆಂದೇ ಬಗೆದಿದ್ದರು. ಅತ್ತೆ ಮಾತ್ರ ಒಮ್ಮೆ, ನನ್ನ ಮುಖ ನೋಡದೆ, "ನಳಗಿ ತೆಗೆಯೂ ದಿನ ಬರ್ರಿ. ಅವರಂದಿದ್ದು ತಿಳೀಬೇಕಲ್ಲ" ಎಂದಳು.

ಹೋದೆ. ನಳಿಕೆ ತೆಗೆದು, ಹುಡುಗಿಗೆ ನೀರು ಕುಡಿಸಿ, ಕಾಯಲು ಹೇಳಿದರು. ಅವಳು ಬೆರಳು ಮಡಚಿ ಹಾಸಿಗೆಯ ಅಂಚು ಹಿಡಿದು ಕೂತಿದ್ದಳು. ಬಹಳ ಹೊತ್ತಿನ ಮೇಲೆ, "ಯವ್ವಾ, ಬಂತು" ಎಂದಳು. ಇಬ್ಬರು ತಾಯಂದಿರೂ ಎರಡು ಕಡೆ ಹಿಡಿದು ಶೌಚಕ್ಕೆ ನಡೆಸಿಕೊಂಡು ಹೋದರು. ಅವರು ಅತ್ತ ಹೋದೊಡನೆ ಸಿಸ್ಟರು ಮಂಚದ ಹತ್ತಿರ ಬಂದು, ಅವಳು ಕೂತಿದ್ದ ಚಾದರದ ಮೇಲೆ ಅಂಗೈ ಇಟ್ಟರು. ಒತ್ತಿ ನೋಡಿದರು. ಇನ್ನೊಂದು ಕಡೆ ಇಟ್ಟರು. ಆಮೇಲೆ ನನ್ನ ಕೈ ಹಿಡಿದೆಳೆದು ಅದೇ ಜಾಗದಲ್ಲಿ ಇಟ್ಟರು. ಒಣಗಿತ್ತು.

ಜೊತೆಗಾತಿಯ ಅನುಮತಿ ರದ್ದಾಗಲಿಲ್ಲ. ಹೆರಿಗೆ ಕೋಣೆಯ ಮೂಲೆಯಲ್ಲಿ ಸಿಸ್ಟರು ಒಂದು ಖಾಲಿ ಡ್ರಾವರಿನ ಮೇಜು ಇರಿಸಿದ್ದಾರೆ. "ನಿಮ್ಮ ಆಜಿಗಳು ಅದನ್ನು ಎಷ್ಟು ಬೇಕಾದರೂ ತೆರೆಯಲಿ, ನನ್ನ ಕಪಾಟಿಗೆ ಮಾತ್ರ ಬರಬಾರದು" ಎಂದು ಹೇಳಿದರು. ಅದು ಔಷಧಿಗಳ ಕಾಳಜಿಯೇ ಹೊರತು ಬೇರೇನಲ್ಲ ಎಂದು ನಾನು ಈಗಲೂ ತಿಳಿದಿದ್ದೇನೆ. ಹೊಟ್ಟೆಯ ಮೇಲೆ ಒತ್ತುವ ವಿಷಯದಲ್ಲಿ ನನ್ನ ದೂರುಗಳನ್ನು ನಾನು ಹಿಂತೆಗೆದುಕೊಂಡಿಲ್ಲ. ಸಭೆಗಳಲ್ಲಿ ಮಾತ್ರ ಒಂದು ವಾಕ್ಯ ಸೇರಿಸಿಕೊಂಡಿದ್ದೇನೆ: ಕಾರಣ ಕೇಳಿರಿ, ವೇಳೆ ಹೇಳಿರಿ. ಶೆಡ್ಡುಗಳ ಸಾಲಿಗೆ ಹೋದಾಗ ಹಗ್ಗಗಳನ್ನು ನೋಡುತ್ತೇನೆ, ಟ್ರಂಕುಗಳನ್ನು ನೋಡುತ್ತೇನೆ. ಆದರೆ ಅವುಗಳ ಬಗ್ಗೆ ಕೇಳುವುದಿಲ್ಲ, ಹೆಂಗಸರನ್ನು ಕೇಳುತ್ತೇನೆ.

ಹುಡುಗಿ ಕೂಸಿನೊಂದಿಗೆ ತವರಿಗೆ ಹೋದ ಬಳಿಕ ಆ ಅತ್ತೆ ನನ್ನನ್ನು ಮಾತಾಡಿಸಿರಲಿಲ್ಲ. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅವಳ ಫೋನು ಬಂತು.

"ಅಕ್ಕೋರ, ಹಿಂದಿನ ಸಾಲಿನ ಕಡೀ ಶೆಡ್ಡಿನ್ಯಾಗ ಟ್ರಂಕ್ ತೆರದಾರ್ರಿ."

ಅಲ್ಲೊಬ್ಬ ಚೊಚ್ಚಲ ಬಸುರಿ ಇದ್ದದ್ದು ನನಗೆ ಗೊತ್ತಿತ್ತು. ಬ್ಯಾನಿ ಎಂಬ ಮಾತನ್ನು ಅವಳು ಆಡಲಿಲ್ಲ, ಆಡುವವಳೂ ಅಲ್ಲ. ನಾನು ಚಪ್ಪಲಿ ಮೆಟ್ಟುತ್ತಲೇ ಕೇಳಿದೆ, "ಯಾವಾಗ ತೆರದಾರ?"

"ಈಗ."

"ಖರೇನಾ? ಇವತ್ತಾ? ನಿನ್ನಿ ಅಲ್ಲಲ್ಲ?"

ಆ ಕಡೆ ಅವಳು ಬೇಸರದಿಂದ ಉಸಿರುಬಿಟ್ಟದ್ದು ಕೇಳಿಸಿತು.

"ಮುಚ್ಚಳದ ಮ್ಯಾಲಿನ ಧೂಳಾ ಇನ್ನಾ ಹಾರ್ಲಾಕತ್ತದ್ರಿ ಅಕ್ಕೋರ. ಬರ್ರಿ."